ಕಾಸರಗೋಡಿನಿಂದ ಎಕ್ಸರ್‌ಸೈಸ್ ಸೈನ್ಸ್ ಓದಲು ಹೊರಟವರಿಗೆ

ಅರ್ಜಿ ಹಾಕುವ ಮೊದಲು ಒಂದು ಭಾನುವಾರ ಬೆಳಗ್ಗೆ ನಿಮ್ಮ ಶಾಲೆಯ ಮೈದಾನಕ್ಕೆ ಹೋಗಿ. ಮೊಬೈಲ್, ಒಂದು ನೋಟ್‌ಬುಕ್, ಜೊತೆಗೆ ಒಬ್ಬ ಗೆಳೆಯ ಸಾಕು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಸರಿಯಾಗಿ 12 ನಿಮಿಷ, ಆದಷ್ಟು ದೂರ ಓಡಿ. ಸುಸ್ತಾದರೆ ನಡೆಯಿರಿ, ನಿಲ್ಲಬೇಡಿ. ಉಬ್ಬಸ, ಎದೆಯ ತೊಂದರೆ, ಜ್ವರ ಇದ್ದವರು ಓಡುವುದು ಬೇಡ. ಗೆಳೆಯನನ್ನು ಓಡಿಸಿ ನೀವು ಗಡಿಯಾರ ಹಿಡಿಯಿರಿ.

ಇದಕ್ಕೆ ಕೂಪರ್ ಟೆಸ್ಟ್ ಅನ್ನುತ್ತಾರೆ. 1968ರಲ್ಲಿ ಅಮೆರಿಕದ ವಾಯುಪಡೆಯಲ್ಲಿದ್ದ ವೈದ್ಯ ಕೆನೆತ್ ಕೂಪರ್ ಪ್ರಕಟಿಸಿದ್ದು. ಮೈದಾನದ ಒಂದು ಸುತ್ತು 200 ಮೀಟರ್ ಅಂತ ಇಟ್ಟುಕೊಳ್ಳಿ. 12 ಸುತ್ತು ಓಡಿದರೆ 2400 ಮೀಟರ್. ಅದರಿಂದ 504.9 ಕಳೆಯಿರಿ, ಉಳಿದದ್ದನ್ನು 44.73ರಿಂದ ಭಾಗಿಸಿ. 42.4 ಬರುತ್ತದೆ. ನಿಮ್ಮ ದೇಹದ ಒಂದೊಂದು ಕಿಲೋ ತೂಕಕ್ಕೆ ನಿಮಿಷಕ್ಕೆ ಹೆಚ್ಚೆಂದರೆ ಅಷ್ಟು ಮಿಲಿಲೀಟರ್ ಆಮ್ಲಜನಕವನ್ನು ದೇಹ ಬಳಸಬಲ್ಲದು ಎಂಬ ಅಂದಾಜು ಅದು. ವಿಒ2 ಮ್ಯಾಕ್ಸ್ ಎಂಬ ಹೆಸರು ಕೇಳಿದ್ದೀರಲ್ಲ, ಅದೇ.

ಈಗ ನಿಮ್ಮನ್ನೇ ಕೇಳಿಕೊಳ್ಳಿ: ಖುಷಿ ಕೊಟ್ಟದ್ದು ಓಟವಾ, ಲೆಕ್ಕವಾ? ಆ 504.9 ಎಲ್ಲಿಂದ ಬಂತು, ಮಳೆಗಾಲದ ಕೆಸರು ಮೈದಾನದಲ್ಲಿ ಓಡಿದರೆ ಈ ಲೆಕ್ಕ ನಂಬಬಹುದಾ, ಅಂತ ತಲೆಯಲ್ಲಿ ಹುಳ ಬಿಟ್ಟಂತಾದರೆ ಈ ಕೋರ್ಸ್ ನಿಮಗೆ ಹೊಂದುತ್ತದೆ. ಓಟ ಮಾತ್ರ ಹಿತವಾಗಿತ್ತು, ಲೆಕ್ಕ ಕಿರಿಕಿರಿ ಅನಿಸಿದರೂ ಬೇಸರ ಬೇಡ. ನಿಮಗೆ ಬೇರೆ ದಾರಿ ಇದೆ, ಕೆಳಗೆ ಹೇಳುತ್ತೇನೆ. ನಮ್ಮ ಬ್ಯಾಚಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ ಹುಡುಗ ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ ಬಿಟ್ಟು ಹೋದ. ಬಯೋಕೆಮಿಸ್ಟ್ರಿ ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ನನ್ನ ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ ಬಿಡಿ. “ಎಂಥದ್ದು ಮಾರಾಯ, ವ್ಯಾಯಾಮ ಮಾಡಲಿಕ್ಕೂ ಡಿಗ್ರಿ ಉಂಟಾ?” ಅಂತ ದೊಡ್ಡಪ್ಪ ಕೇಳಿದ್ದರು. ಅಡಿಕೆ ತೋಟದಲ್ಲಿ ದಿನಕ್ಕೆ ಎಂಟು ಗಂಟೆ ದುಡಿಯುವವರ ಬಾಯಲ್ಲಿ ಆ ಪ್ರಶ್ನೆ ತಪ್ಪೇನಲ್ಲ.

ಹೆಸರು ಒಂದೇ ಥರ, ಕೆಲಸ ಬೇರೆ ಬೇರೆ

ಇಲ್ಲೇ ಎಲ್ಲರೂ ಎಡವುವುದು. ಕ್ರೀಡೆ, ದೇಹ, ವ್ಯಾಯಾಮ ಎಂಬ ಶಬ್ದ ಕಂಡ ಕೂಡಲೇ ಎಲ್ಲ ಕೋರ್ಸೂ ಒಂದೇ ಅಂದುಕೊಳ್ಳುತ್ತೇವೆ. ಹಾಗಲ್ಲ, ನಾಲ್ಕು ದಾರಿ ಇವೆ.

ಒಂದು, ಬಿ.ಎಸ್ಸಿ. ಎಕ್ಸರ್‌ಸೈಸ್ ಆಂಡ್ ಸ್ಪೋರ್ಟ್ಸ್ ಸೈನ್ಸ್. ವ್ಯಾಯಾಮ ಮಾಡುವಾಗ ದೇಹದೊಳಗೆ ಏನಾಗುತ್ತದೆ ಎಂದು ಅಳೆಯುವುದು, ಆ ಅಳತೆ ಇಟ್ಟುಕೊಂಡು ತರಬೇತಿ ರೂಪಿಸುವುದು.

ಎರಡು, ಬಿ.ಪಿ.ಟಿ., ಅಂದರೆ ಫಿಸಿಯೋಥೆರಪಿ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷ. ಪೆಟ್ಟಾದವರಿಗೆ, ಪಾರ್ಶ್ವವಾಯು ಆದವರಿಗೆ ಚಿಕಿತ್ಸೆ ಕೊಡುವ ಅಧಿಕಾರ ಇದರಿಂದ ಸಿಗುತ್ತದೆ. 2021ರ ಕೇಂದ್ರ ಕಾಯ್ದೆಯ ಪ್ರಕಾರ ಫಿಸಿಯೋಥೆರಪಿ ಮಾನ್ಯತೆ ಪಡೆದ ಆರೋಗ್ಯ ವೃತ್ತಿ.

ಮೂರು, ಬಿ.ಪಿ.ಇ.ಎಸ್. ಮತ್ತು ಬಿ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣದ ಡಿಗ್ರಿಗಳು. ಇದು ಪಿ.ಟಿ. ಮಾಸ್ಟ್ರಾಗುವ ದಾರಿ. ಬಿ.ಪಿ.ಇ.ಎಸ್. ಪ್ಲಸ್ ಟೂ ಆದ ಮೇಲೆ ಮೂರು ವರ್ಷ, ಆಮೇಲೆ ಬಿ.ಪಿ.ಎಡ್. ಎರಡು ವರ್ಷ. ಬೇರೆ ಡಿಗ್ರಿ ಮಾಡಿದವರೂ ಬಿ.ಪಿ.ಎಡ್.ಗೆ ಸೇರಬಹುದು. ಆದರೆ ಶಿಕ್ಷಕ ತರಬೇತಿಯ ನಿಯಮ ಮಾಡುವ ಕೇಂದ್ರ ಸಂಸ್ಥೆ ಎನ್.ಸಿ.ಟಿ.ಇ.ಯ ನಿಯಮದಂತೆ ಸಾಮಾನ್ಯವಾಗಿ 50 ಶೇಕಡಾ ಅಂಕ ಬೇಕು, ಕ್ರೀಡಾಕೂಟದಲ್ಲಿ ಭಾಗವಹಿಸಿದ ದಾಖಲೆಯೂ ಬೇಕು. ಕೆಲವು ಕಡೆ ಪ್ಲಸ್ ಟೂ ಆದ ಕೂಡಲೇ ಸೇರುವ ನಾಲ್ಕು ವರ್ಷದ ಕೋರ್ಸ್ ಇದೆ. ಓಟವೇ ಹಿತ ಅಂದವರಿಗೆ ಹೇಳಿದ್ದು ಇದನ್ನೇ.

ನಾಲ್ಕು, ಕೋಚಿಂಗ್. ಒಂದು ಆಟ ಹಿಡಿದು ಅದನ್ನು ಕಲಿಸುವುದು. ಇಂಫಾಲದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಸ್ಪೋರ್ಟ್ಸ್ ಕೋಚಿಂಗ್‌ಗೇ ಬಿ.ಎಸ್ಸಿ. ಇದೆ. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್.ಐ.ಎಸ್.ನ ಡಿಪ್ಲೊಮಾ ಈ ಕ್ಷೇತ್ರದಲ್ಲಿ ಹಳೆಯ ಹೆಸರು.

ಇವರಲ್ಲಿ ಮೂರು ಜನ ಒಬ್ಬನೇ ಆಟಗಾರನ ಸುತ್ತ ಹೇಗೆ ನಿಲ್ಲುತ್ತಾರೆ ಗೊತ್ತಾ? ನಮ್ಮ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರ ಆಸ್ಟ್ರೇಲಿಯಾ ಸರಣಿ ಆಡಲಿಲ್ಲ. ಅಂಥ ಭುಜವನ್ನು ಸರ್ಜನ್ ಕುಯ್ದು ಸರಿಮಾಡುತ್ತಾರೆ. ಫಿಸಿಯೋ ಅದನ್ನು ನೋವಿಲ್ಲದೆ ಪೂರ್ತಿ ಎತ್ತುವ ಹಾಗೆ ಮಾಡುತ್ತಾರೆ. ಆದರೆ ಕೈ ಎತ್ತಲಿಕ್ಕೆ ಬರುವುದಕ್ಕೂ ದಿನಕ್ಕೆ 30 ಓವರ್ ಎಸೆಯುವುದಕ್ಕೂ ನಡುವೆ ತುಂಬಾ ದೂರ ಉಂಟು. ವಾರಕ್ಕೆ ಎಷ್ಟು ಎಸೆತ, ಎಷ್ಟು ಭಾರ, ಯಾವಾಗ ವಿಶ್ರಾಂತಿ ಅಂತ ಲೆಕ್ಕ ಹಾಕಿ ಆ ದೂರ ದಾಟಿಸುವವನು ಎಕ್ಸರ್‌ಸೈಸ್ ಸೈನ್ಸ್ ಓದಿದವನು. ಚೆಂಡು ಎಲ್ಲಿ ಪಿಚ್ ಆಗಬೇಕು ಅಂತ ಹೇಳುವುದು ಕೋಚ್.

ಆದ್ದರಿಂದ ಮೊದಲು ಕೆಲಸ ಆರಿಸಿ, ಆಮೇಲೆ ಕೋರ್ಸ್. ಎಕ್ಸರ್‌ಸೈಸ್ ಸೈನ್ಸ್ ಓದಿ ಫಿಸಿಯೋ ಬೋರ್ಡ್ ಹಾಕಲು ಆಗುವುದಿಲ್ಲ. ಶಾಲೆಯ ಪಿ.ಟಿ. ಹುದ್ದೆಗೂ ಅದು ಸಾಲದು. ಇದನ್ನು ಮೂರನೇ ವರ್ಷದಲ್ಲಿ ತಿಳಿದುಕೊಂಡು ಅತ್ತವರನ್ನು ಕಂಡಿದ್ದೇನೆ.

ಪ್ಲಸ್ ಟೂನಲ್ಲಿ ಏನಿರಬೇಕು

ಬಿ.ಎಸ್ಸಿ.ಗೂ ಬಿ.ಪಿ.ಟಿ.ಗೂ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಕೇಳುತ್ತಾರೆ. ಬಿ.ಪಿ.ಇ.ಎಸ್.ಗೆ ಕಾಮರ್ಸ್, ಹ್ಯುಮ್ಯಾನಿಟೀಸ್ ಓದಿದವರೂ ಹೋಗಬಹುದು, ಆದರೆ ದೈಹಿಕ ಪರೀಕ್ಷೆ ಇರುತ್ತದೆ. ಹತ್ತನೇ ಕ್ಲಾಸಿನಲ್ಲಿರುವವರು ಪ್ಲಸ್ ವನ್ ಅರ್ಜಿ ತುಂಬುವಾಗಲೇ ಇದನ್ನು ಯೋಚಿಸಿ. ಆಮೇಲೆ ಗ್ರೂಪ್ ಬದಲಿಸುವುದು ದೊಡ್ಡ ರಾಮಾಯಣ.

ಎಲ್ಲಿ ಓದುವುದು

ನಮ್ಮ ಜಿಲ್ಲೆಯವರಿಗೆ ಒಂದು ಲಾಭ ಇದೆ. ಉತ್ತರಕ್ಕೂ ದಕ್ಷಿಣಕ್ಕೂ ಬಾಗಿಲು ತೆರೆದೇ ಇದೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಬಿ.ಪಿ.ಟಿ. ಕಾಲೇಜು ಬೇಕಾದರೆ ದೇರಳಕಟ್ಟೆ, ಮಂಗಳೂರು ಸುತ್ತಲೇ ಬೇಕಾದಷ್ಟಿವೆ. ಮಂಜೇಶ್ವರ, ಉಪ್ಪಳದವರು ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದು. ಮಣಿಪಾಲದಲ್ಲಿ ಎಕ್ಸರ್‌ಸೈಸ್ ಆಂಡ್ ಸ್ಪೋರ್ಟ್ಸ್ ಸೈನ್ಸ್‌ಗೇ ಒಂದು ವಿಭಾಗ ಇದೆ. ಅಲ್ಲಿಗೆ ದಿನಾ ಓಡಾಡುವುದು ಆಗುವ ಮಾತಲ್ಲ, ಹಾಸ್ಟೆಲ್ ಬೇಕು. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲೂ ಈ ವಿಷಯದ ಬಿ.ಎಸ್ಸಿ. ಇದೆ. ಚೆನ್ನೈ ಹತ್ತಿರವೇ ತಮಿಳುನಾಡು ಸರ್ಕಾರದ ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಶ್ವವಿದ್ಯಾಲಯವೂ ಇದೆ.

ದಕ್ಷಿಣಕ್ಕೆ ಹೊರಟರೆ ಮೊದಲು ಸಿಗುವುದು ಕಣ್ಣೂರು ವಿಶ್ವವಿದ್ಯಾಲಯದ ಮಾಂಗಾಟ್ಟುಪರಂಬ ಕ್ಯಾಂಪಸ್, ಅಲ್ಲಿ ದೈಹಿಕ ಶಿಕ್ಷಣದ ವಿಭಾಗ ಇದೆ. ಕೋಝಿಕ್ಕೋಡಿನಲ್ಲಿ ಸರ್ಕಾರಿ ದೈಹಿಕ ಶಿಕ್ಷಣ ಕಾಲೇಜು ಇದೆ. ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ತಿರುವನಂತಪುರ. ಅಲ್ಲಿಯ ಕಾರ್ಯವಟ್ಟಂನಲ್ಲಿ 1985ರಲ್ಲಿ ಶುರುವಾದ ಲಕ್ಷ್ಮೀಬಾಯಿ ಕಾಲೇಜಿದೆ. ಇದರ ಅಕ್ಕ ಗ್ವಾಲಿಯರ್‌ನಲ್ಲಿದ್ದಾಳೆ, 1957ರವಳು. ಇವೆರಡೂ ಮುಖ್ಯವಾಗಿ ದೈಹಿಕ ಶಿಕ್ಷಣಕ್ಕೆ ಹೆಸರಾದವು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮೆಡಿಕಲ್ ಕಾಲೇಜಿನ ಜೊತೆಗಿರುವ ಕಡೆ ಓದಿದರೆ ಅನಾಟಮಿ ಗಟ್ಟಿಯಾಗುತ್ತದೆ. ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ಓದಿದರೆ ಮೈದಾನ ಗಟ್ಟಿಯಾಗುತ್ತದೆ. ಎರಡೂ ಒಟ್ಟಿಗೆ ಸಿಗುವ ಜಾಗ ಕಡಿಮೆ. ಒಂದನ್ನು ಕಾಲೇಜಿನಲ್ಲಿ ಕಲಿಯಿರಿ, ಇನ್ನೊಂದನ್ನು ರಜೆಯಲ್ಲಿ ನೀವೇ ಹುಡುಕಿಕೊಂಡು ಹೋಗಿ.

ದುಡ್ಡು ಕಟ್ಟುವ ಮೊದಲು ಕಾಲೇಜಿಗೆ ಒಮ್ಮೆ ಹೋಗಲೇಬೇಕು. ವೆಬ್‌ಸೈಟಿನ ಫೋಟೋ ನಂಬಬೇಡಿ. ಲ್ಯಾಬ್ ತೋರಿಸಿ ಅನ್ನಿ. ಟ್ರೆಡ್‌ಮಿಲ್ ಪಕ್ಕ ಒಂದು ಗ್ಯಾಸ್ ಅನಲೈಸರ್ ಇರುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ ನೀವು ಬಿಡುವ ಉಸಿರಿನಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಅಳೆಯುವ ಯಂತ್ರ. ಭಾನುವಾರ ನೀವು ಅಂದಾಜು ಮಾಡಿದ್ದನ್ನು ಇದು ನೇರವಾಗಿ ಅಳೆಯುತ್ತದೆ. ಅದನ್ನು ಸರಿಹೊಂದಿಸಲು ಅಳತೆ ಗೊತ್ತಿರುವ ಅನಿಲದ ಸಿಲಿಂಡರ್ ಬೇಕು. ಕಾಲೇಜಿನವರನ್ನು ಕೇಳಿ: “ಸಿಲಿಂಡರ್ ಕೊನೆಯದಾಗಿ ಯಾವಾಗ ತುಂಬಿಸಿದ್ದು?” ಉತ್ತರ ತಡವರಿಸಿದರೆ ಆ ಯಂತ್ರ ಬರೀ ಪೀಠೋಪಕರಣ. ಆಮೇಲೆ ಕೊನೆ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. ಅವನು ಸ್ವಂತ ಕೈಯಿಂದ ಎಷ್ಟು ಟೆಸ್ಟ್ ಮಾಡಿದ್ದಾನೆ ಅಂತ ಕೇಳಿದರೆ ಎಲ್ಲ ಗೊತ್ತಾಗುತ್ತದೆ.

ನಾನು ಹೀಗೆ ಕೇಳದೆ ಕೆಟ್ಟವನು. ಪ್ಲಸ್ ಟೂ ಆದ ವರ್ಷ ಒಂದು ಊರಿನಲ್ಲಿ ‘ಅಂತಾರಾಷ್ಟ್ರೀಯ ಫಿಟ್‌ನೆಸ್ ಡಿಪ್ಲೊಮಾ’ ಅಂತ ಬೋರ್ಡ್ ನೋಡಿ ಸೇರಿದೆ. ಆರು ತಿಂಗಳು ಡಂಬೆಲ್ ಎತ್ತಿಟ್ಟದ್ದೇ ಬಂತು. ಕೊಟ್ಟ ಸರ್ಟಿಫಿಕೇಟಿನಲ್ಲಿ ಚಿನ್ನದ ಬಣ್ಣದ ಮುದ್ರೆ ಇತ್ತು, ಯಾವ ವಿಶ್ವವಿದ್ಯಾಲಯದ ಹೆಸರೂ ಇರಲಿಲ್ಲ. ಅಪ್ಪ ಒಂದು ವರ್ಷದ ಕಾಳುಮೆಣಸು ಮಾರಿದ ದುಡ್ಡು ಅದು. ಡಿಗ್ರಿ ಕೊಡುವುದು ಯಾವ ವಿಶ್ವವಿದ್ಯಾಲಯ, ಅದು ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ಯುಜಿಸಿಯ ಪಟ್ಟಿಯಲ್ಲಿ ಇದೆಯಾ, ಇಷ್ಟನ್ನು ಫೋನಿನಲ್ಲೇ ಐದು ನಿಮಿಷದಲ್ಲಿ ನೋಡಬಹುದಿತ್ತು.

ಕಾಗದಪತ್ರ

ಗಡಿನಾಡಿನವರಿಗೆ ಈ ಕೆಲಸ ಬೇರೆಯವರಿಗಿಂತ ಜಾಸ್ತಿ. ಜೂನ್ ತನಕ ಕಾಯಬೇಡಿ.

ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ಪ್ಲಸ್ ಟೂ ಸರ್ಟಿಫಿಕೇಟ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಮನೆ ಹೆಸರು, ಹೀಗೆ ಇರುವುದು ನಮ್ಮಲ್ಲಿ ಮಾಮೂಲು. ನೇಟಿವಿಟಿ, ಆದಾಯ, ಜಾತಿ ಸರ್ಟಿಫಿಕೇಟಿಗೆ ಅಕ್ಷಯ ಸೆಂಟರಿನಲ್ಲಿ ಅರ್ಜಿ ಹಾಕಿದರೆ ವಿಲ್ಲೇಜ್ ಆಫೀಸು, ತಾಲೂಕು ಕಚೇರಿಗೆ ಹೋಗುತ್ತದೆ. ಕರ್ನಾಟಕಕ್ಕೋ ತಮಿಳುನಾಡಿಗೋ ಹೋಗುವವರು ಇಂಗ್ಲಿಷ್‌ನಲ್ಲೇ ಬೇಕು ಅಂತ ಮೊದಲೇ ಹೇಳಿ. ಮಲಯಾಳದ ಸರ್ಟಿಫಿಕೇಟ್ ಹಿಡಿದುಕೊಂಡು ಮಂಗಳೂರಿನ ಕೌಂಟರಿನಲ್ಲಿ ನಿಂತರೆ ಆಚೆಯವರೂ ಈಚೆಯವರೂ ಮುಖ ಮುಖ ನೋಡಬೇಕಾಗುತ್ತದೆ. ರಾಜ್ಯ ಬಿಟ್ಟು ಹೋಗುವಾಗ ಮೈಗ್ರೇಶನ್ ಸರ್ಟಿಫಿಕೇಟ್ ಸಹ ಬೇಕು.

ಕೇರಳದಲ್ಲಿ ಬಿ.ಪಿ.ಟಿ. ಸೀಟಿನ ಹಂಚಿಕೆಯನ್ನು ಸರ್ಕಾರದ ಎಲ್.ಬಿ.ಎಸ್. ಸೆಂಟರ್ ನೋಡಿಕೊಳ್ಳುತ್ತ ಬಂದಿದೆ. ಕರ್ನಾಟಕದ ಸರ್ಕಾರಿ ಕೋಟಾ ಆದರೆ ಕೆ.ಇ.ಎ., ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಲ್ಲಿ ಗಡಿನಾಡ ಕನ್ನಡಿಗರಿಗೆ ಅಂತಲೇ ಒಂದು ನಿಯಮ ಇದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ತಹಶೀಲ್ದಾರರ ಪ್ರಮಾಣಪತ್ರ ತರಬೇಕು, ಕೆ.ಇ.ಎ. ನಡೆಸುವ ಕನ್ನಡ ಪರೀಕ್ಷೆ ಪಾಸಾಗಬೇಕು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಅದು ನೀರು ಕುಡಿದಷ್ಟು ಸುಲಭ. ಆದರೆ ಪರೀಕ್ಷೆಯ ದಿನ ತಪ್ಪಿಸಿಕೊಂಡರೆ ಆ ವರ್ಷದ ಅವಕಾಶ ಹೋಯಿತು. ಪ್ರವೇಶದ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ಅಣ್ಣನೋ ಅಕ್ಕನೋ ಸೇರಿದ ವರ್ಷದ ಮಾತು ನಂಬಿ ಕೂರಬೇಡಿ. ಈ ವರ್ಷದ ಪ್ರಾಸ್ಪೆಕ್ಟಸ್ ಓದಿ.

ಫೀಸು ಕೇಳುವಾಗ ‘ಮೊದಲ ವರ್ಷಕ್ಕೆ ಎಷ್ಟು’ ಅಂತ ಕೇಳಬೇಡಿ. ಪೂರ್ತಿ ಕೋರ್ಸಿಗೆ ಎಷ್ಟು, ಪರೀಕ್ಷೆ ಫೀಸು, ಹಾಸ್ಟೆಲ್, ಲ್ಯಾಬ್, ಯೂನಿಫಾರಂ ಸೇರಿ ಎಷ್ಟು, ಇಂಟರ್ನ್‌ಶಿಪ್ ವರ್ಷಕ್ಕೂ ಫೀಸು ಇದೆಯಾ ಅಂತ ಕೇಳಿ. ಬರೆದು ಕೊಡಲಿ.

ಮೊದಲ ವರ್ಷ ದಾಟುವುದು ಹೇಗೆ

ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ಏಟು ಅನಾಟಮಿ. 206 ಮೂಳೆ, 600ಕ್ಕೂ ಹೆಚ್ಚು ಸ್ನಾಯು, ಎಲ್ಲಕ್ಕೂ ಲ್ಯಾಟಿನ್ ಹೆಸರು. ನಾನು ಮೊದಲ ತಿಂಗಳು ಬಾಯಿಪಾಠ ಮಾಡಿ ಸೋತೆ. ಆಮೇಲೆ ಹೈಸ್ಕೂಲಿನ ಕನ್ನಡ ಪಂಡಿತರು ನೆನಪಾದರು. ಸಂಧಿ ಬಿಡಿಸಿ! ಸ್ಟರ್ನೋಕ್ಲೈಡೋಮ್ಯಾಸ್ಟಾಯಿಡ್ ಅಂದರೆ ಹೆದರಿಕೆ ಆಗುತ್ತದೆ. ಬಿಡಿಸಿದರೆ ಸ್ಟರ್ನಮ್, ಎದೆಯ ನಡುಮೂಳೆ. ಕ್ಲಾವಿಕಲ್, ಕೊರಳಿನ ಕೆಳಗಿನ ಮೂಳೆ. ಮ್ಯಾಸ್ಟಾಯಿಡ್, ಕಿವಿಯ ಹಿಂದಿನ ಉಬ್ಬು. ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹೆಸರೇ ಹೇಳಿತು. ಕುತ್ತಿಗೆ ಒಂದು ಬದಿಗೆ ತಿರುಗಿಸಿ, ಇನ್ನೊಂದು ಬದಿಯಲ್ಲಿ ಹಗ್ಗದ ಹಾಗೆ ಎದ್ದು ಬರುತ್ತದಲ್ಲ, ಅದೇ. ಸ್ವಂತ ಮೈಯೇ ಪಠ್ಯಪುಸ್ತಕ, ಸದಾ ಜೊತೆಗಿರುತ್ತದೆ.

ಎರಡನೆಯದು ಬಯೋಮೆಕ್ಯಾನಿಕ್ಸ್. ಫಿಸಿಕ್ಸ್ ಮುಗಿಯಿತು ಅಂದುಕೊಂಡವರಿಗೆ ಅದು ಮತ್ತೆ ಎದುರಾಗುವ ಜಾಗ. ನಮ್ಮವರಿಗೆ ಇಲ್ಲಿ ಒಂದು ಉದಾಹರಣೆ ಮನೆಯಲ್ಲೇ ಇದೆ: ಅಡಿಕೆ ಕೊಯ್ಯುವ ಉದ್ದ ಕೋಲು, ದೋಟಿ. ನೆಟ್ಟಗೆ ಹಿಡಿದರೆ ಹೆಚ್ಚು ಭಾರ ಅನಿಸುವುದಿಲ್ಲ. ಸ್ವಲ್ಪ ವಾಲಿದರೆ ಭುಜ ಕಿತ್ತು ಬರುತ್ತದೆ. ದೋಟಿಯ ತೂಕ ಬದಲಾಗಲಿಲ್ಲ, ಆ ತೂಕ ನಿಮ್ಮ ಕೈಯಿಂದ ಅಡ್ಡಕ್ಕೆ ಎಷ್ಟು ದೂರ ಹೋಯಿತು ಎನ್ನುವುದು ಬದಲಾಯಿತು. ತೂಕವನ್ನು ಆ ದೂರದಿಂದ ಗುಣಿಸಿದ್ದೇ ಟಾರ್ಕ್. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ತೋಟದವರು ‘ಅಬ್ಬ’ ಅಂದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ತುದಿಯ ಕಡೆಯ ತೂಕ ಇಳಿದರೆ ಟಾರ್ಕ್ ಭಾರೀ ಇಳಿಯುತ್ತದೆ. ನೆಲದಿಂದ ಭಾರ ಎತ್ತುವಾಗ ಬಾರ್ಬೆಲ್ಲನ್ನು ಕಾಲಿಗೆ ತಾಗಿಸಿಕೊಂಡೇ ಎತ್ತಬೇಕು ಅನ್ನುವುದಕ್ಕೂ ಇದೇ ಕಾರಣ. ದೊಡ್ಡಪ್ಪನಿಗೆ ಕೊನೆಗೆ ಅರ್ಥವಾದದ್ದು ಈ ಒಂದು ಪಾಠ.

ಮೂರನೆಯದು ಎಕ್ಸರ್‌ಸೈಸ್ ಫಿಸಿಯಾಲಜಿ, ಈ ಡಿಗ್ರಿಯ ಎದೆ. ದೇಹಕ್ಕೆ ಶಕ್ತಿ ಮೂರು ಮೂಲದಿಂದ ಬರುತ್ತದೆ. ಸ್ನಾಯುವಿನಲ್ಲೇ ತಯಾರಿರುವ ದಾಸ್ತಾನು ಸುಮಾರು ಹತ್ತು ಸೆಕೆಂಡಿಗೆ ಸಾಕು. ಆಮೇಲೆ ಆಮ್ಲಜನಕ ಇಲ್ಲದೆ ಸಕ್ಕರೆ ಒಡೆಯುವ ದಾರಿಯದು ಮೇಲುಗೈ, ಅದು ಒಂದೆರಡು ನಿಮಿಷ. ಅದಕ್ಕೂ ಉದ್ದದ ಕೆಲಸ ಮುಖ್ಯವಾಗಿ ಆಮ್ಲಜನಕದಿಂದ. ಮೂರೂ ಒಟ್ಟಿಗೇ ನಡೆಯುತ್ತಿರುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ಕಬಡ್ಡಿ ನೋಡಿ ಬೆಳೆದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಒಂದು ರೈಡ್ 30 ಸೆಕೆಂಡ್. ಸೈಕಲ್ ಮೇಲೆ ಕೂರಿಸಿ ಜೀವ ಹೋಗುವಷ್ಟು ಜೋರಾಗಿ ತುಳಿಸುವ ವಿಂಗೇಟ್ ಟೆಸ್ಟೂ 30 ಸೆಕೆಂಡೇ! ಆದರೆ ಪಂದ್ಯ 20 ನಿಮಿಷದ ಎರಡು ಭಾಗ. ಎರಡು ರೈಡ್ ನಡುವೆ ಚೇತರಿಸಿಕೊಳ್ಳಲು ಆಮ್ಲಜನಕದ ದಾರಿಯೇ ಬೇಕು. ರೈಡರ್‌ಗೆ ಬರೀ ಉದ್ದ ಓಟ ಕೊಟ್ಟರೂ ತಪ್ಪು, ಬರೀ ಸ್ಪ್ರಿಂಟ್ ಕೊಟ್ಟರೂ ತಪ್ಪು.

ಇದೇ ವಿಷಯದಲ್ಲಿ ಸೂತ್ರಗಳನ್ನು ಅನುಮಾನಿಸಲೂ ಕಲಿಯುತ್ತೀರಿ. ಎದೆಬಡಿತದ ಗರಿಷ್ಠ ಮಿತಿ ‘220ರಿಂದ ವಯಸ್ಸು ಕಳೆಯಿರಿ’ ಅಂತ ಜಿಮ್ ಗೋಡೆಗಳಲ್ಲಿ ಬರೆದಿರುತ್ತದೆ. 2001ರಲ್ಲಿ ತನಾಕಾ ಮತ್ತು ಜೊತೆಗಾರರು ಇನ್ನೊಂದು ಸೂತ್ರ ಕೊಟ್ಟರು: 208ರಿಂದ ವಯಸ್ಸಿನ 0.7 ಪಾಲು ಕಳೆಯಿರಿ. 17 ವರ್ಷದವರಿಗೆ ಮೊದಲಿನದು 203, ಎರಡನೆಯದು 196. 60ರವರಿಗೆ 160 ಮತ್ತು 166. ಎರಡೂ ಸರಾಸರಿಯ ಲೆಕ್ಕ. ನಿಮ್ಮ ಮುಂದೆ ನಿಂತ ಮನುಷ್ಯ ಅದಕ್ಕಿಂತ ಹತ್ತು ಬಡಿತ ಆಚೀಚೆ ಇರಬಹುದು. ನಾಡಿ ಎಣಿಸುವಾಗಲೂ ಹಾಗೇ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಪೂರ್ತಿ ನಿಮಿಷ ಎಣಿಸಿ.

ನ್ಯೂಟ್ರಿಷನ್, ಸೈಕಾಲಜಿ ಓದಲು ಹಿತವಾಗಿರುತ್ತವೆ. ಸ್ಟಾಟಿಸ್ಟಿಕ್ಸ್ ಯಾರಿಗೂ ಹಿತವಲ್ಲ, ಆದರೆ ಅದಿಲ್ಲದೆ ಸಂಶೋಧನೆಯ ಒಂದು ಪುಟವೂ ಅರ್ಥವಾಗುವುದಿಲ್ಲ.

ಪ್ರಾಜೆಕ್ಟ್, ಇಂಟರ್ನ್‌ಶಿಪ್, ಕೆಲಸ

ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್ಲರೂ ಕಾಲೇಜಿನ ಫುಟ್‌ಬಾಲ್ ತಂಡವನ್ನೇ ಹಿಡಿಯುತ್ತಾರೆ. ನೀವು ಊರಿಗೆ ಬನ್ನಿ. ಭಾರದ ವೇಷ, ಕಿರೀಟ ಹೊತ್ತು ದಿಗಿಣ ಹಾರುವ ಯಕ್ಷಗಾನ ಕಲಾವಿದನ ಎದೆಬಡಿತ ಎಷ್ಟಕ್ಕೆ ಏರುತ್ತದೆ? ನಲವತ್ತು ದಾಟಿದ ಮೇಲೆ ಮೊಣಕಾಲು ಏನಾಗುತ್ತದೆ? ಅಡಿಕೆ ಮರ ಹತ್ತುವವರಿಗೆ ಕೈಹಿಡಿತದ ಬಲ ಸೀಸನ್ನಿನ ಕೊನೆಗೆ ಕುಗ್ಗುತ್ತದಾ? ಒಂದು ಹಾರ್ಟ್‌ರೇಟ್ ಬೆಲ್ಟ್, ಒಂದು ಹಿಡಿತ ಅಳೆಯುವ ಡೈನಮೋಮೀಟರ್ ಸಾಕು. ಅಳತೆಗೆ ಮೊದಲು ಕಾಲೇಜಿನ ಎಥಿಕ್ಸ್ ಸಮಿತಿಯ ಒಪ್ಪಿಗೆ, ಕಲಾವಿದರ ಒಪ್ಪಿಗೆ ಎರಡೂ ಬರಹದಲ್ಲಿ ಬೇಕು. ಅವರೊಡನೆ ಅವರ ಭಾಷೆಯಲ್ಲೇ ಕೂತು ಮಾತಾಡುವುದು ಬೆಂಗಳೂರು, ಚೆನ್ನೈಯ ಹುಡುಗರಿಗೆ ಸುಲಭವಲ್ಲ, ನಿಮಗೆ ಸುಲಭ.

ಇಂಟರ್ನ್‌ಶಿಪ್ ಆರಿಸುವಾಗ ಎ.ಸಿ. ಜಿಮ್ಮಿಗೆ ಮರುಳಾಗಬೇಡಿ. ದಿನಾ ಆಟಗಾರರನ್ನು ಅಳೆಯುವ ಜಾಗಕ್ಕೆ ಹೋಗಿ. ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ, ಬಳ್ಳಾರಿ ಕಡೆ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಕಡೆ ವಿಚಾರಿಸಿ. ಇ-ಮೇಲ್ ಆರು ತಿಂಗಳು ಮೊದಲೇ ಕಳಿಸಿ, ಉತ್ತರ ಬಾರದಿದ್ದರೆ ಮತ್ತೆ ಕಳಿಸಿ. ಊಟ, ವಸತಿ ಸ್ವಂತ ಖರ್ಚು ಅಂದುಕೊಂಡೇ ಹೊರಡಿ.

ಕೆಲಸದ ಬಗ್ಗೆ ಸುಳ್ಳು ಹೇಳುವುದಿಲ್ಲ. ಡಿಗ್ರಿ ಮುಗಿದ ಕೂಡಲೇ ಕಾಸರಗೋಡಿನಲ್ಲೇ ಈ ಹೆಸರಿನ ಹುದ್ದೆ ಸಿಗುವುದು ಕಷ್ಟ. ಅಕಾಡೆಮಿ, ಪ್ರೊ ಕಬಡ್ಡಿ ಮತ್ತು ಫುಟ್‌ಬಾಲ್ ತಂಡಗಳು, ದೊಡ್ಡ ಜಿಮ್‌ಗಳು, ಇವೆಲ್ಲ ನಗರದಲ್ಲಿವೆ. ಹೆಚ್ಚಿನವರು ಎಂ.ಎಸ್ಸಿ.ಗೆ ಹೋಗುತ್ತಾರೆ. ಸ್ಟ್ರೆಂತ್ ಕೋಚ್ ಆಗುವ ಆಸೆ ಇದ್ದರೆ ಸಿ.ಎಸ್.ಸಿ.ಎಸ್. ಎಂಬ ಅಮೆರಿಕದ ಪರೀಕ್ಷೆ ಬರೆಯಬಹುದು. ಅದಕ್ಕೆ ಡಿಗ್ರಿ ಬೇಕು, ಸಿ.ಪಿ.ಆರ್., ಅಂದರೆ ಹೃದಯ ನಿಂತವರ ಎದೆ ಒತ್ತಿ ಉಳಿಸುವ ತುರ್ತು ಚಿಕಿತ್ಸೆಯ, ತರಬೇತಿಯ ಸರ್ಟಿಫಿಕೇಟೂ ಬೇಕು. ಹೇಗೂ ಸಿ.ಪಿ.ಆರ್. ಅನ್ನು ಮೊದಲ ವರ್ಷವೇ ಕಲಿತುಬಿಡಿ.

ಗಲ್ಫ್ ಕನಸು ನಮ್ಮಲ್ಲಿ ಯಾರಿಗಿಲ್ಲ ಹೇಳಿ. ಯು.ಎ.ಇ.ಯಲ್ಲಿ ಫಿಟ್‌ನೆಸ್ ಟ್ರೈನರ್‌ಗಳಿಗೆ ರೆಪ್ಸ್ ಎಂಬ ನೋಂದಣಿ ಇದೆ. ಹೋಗುವ ಯೋಚನೆ ಇದ್ದರೆ ಡಿಗ್ರಿಯ ಅಟೆಸ್ಟೇಶನ್, ಅಂದರೆ ಅದು ಅಸಲಿ ಅಂತ ಸರ್ಕಾರದ ಮೊಹರು ಹಾಕಿಸುವುದನ್ನು, ವೀಸಾ ಬರುವ ಮೊದಲೇ ಶುರುಮಾಡಿ. ಕೇರಳದ ಸರ್ಟಿಫಿಕೇಟಿಗೆ, ಹೊರನಾಡಿನ ಕೇರಳೀಯರ ಕೆಲಸ ನೋಡಿಕೊಳ್ಳುವ ಸರ್ಕಾರದ ನೋರ್ಕಾ ಕಚೇರಿ ಇದೆ. ಕರ್ನಾಟಕದ ಡಿಗ್ರಿಗೆ ಬೇರೆ ಕಡೆ ಓಡಬೇಕಾಗುತ್ತದೆ. ಒರಿಜಿನಲ್ ಕೊಡುವ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಹಿಂಬದಿಯ ಮೊಹರುಗಳನ್ನೂ ಸೇರಿಸಿ.